ಹುಣಸೂರಿನ ‘ಊರು’, ಸುಮೇರಿನ ‘ಉರ್’: ಪದಸಾದೃಶ್ಯದ ವಾದಕ್ಕೊಂದು ವಿಮರ್ಶೆ

1. ಪ್ರಶ್ನೆಯ ಸ್ವರೂಪ

ಹುಣಸೂರು, ಬೆಂಗಳೂರು, ಮಂಗಳೂರು ಮೊದಲಾದ ಸ್ಥಳನಾಮಗಳ ಉತ್ತರಪದವಾದ ‘ಊರು’ ಹಾಗೂ ದಕ್ಷಿಣ ಮೆಸೊಪೊಟೇಮಿಯದ ಪುರಾತನ ನಗರವಾದ ‘ಉರ್’ ಒಂದೇ ಮೂಲದಿಂದ ಬಂದವು ಎಂಬ ಮಾತು ಕನ್ನಡದ ಓದುಗವಲಯದಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಸ್ಥಳನಾಮ ಅಧ್ಯಯನದ ತರಗತಿಗಳಲ್ಲಿ ಈ ಪ್ರಶ್ನೆ ಎದುರಾಗದ ವರ್ಷವಿಲ್ಲ. ಇದನ್ನು ಹವ್ಯಾಸಿಗಳ ಕಲ್ಪನೆಯೆಂದು ನಕ್ಕು ಬಿಡುವುದು ಸುಲಭ. ಆದರೆ ಅದು ಉತ್ತರವಾಗಲಾರದು. ಈ ವಾದದ ಹಿಂದೆ ವಿದ್ವಾಂಸರ ಒಂದು ಪರಂಪರೆಯೂ ಇದೆ. ಕಾಲ್ಡ್‌ವೆಲ್ ಅವರು 1856ರಲ್ಲಿಯೇ ಬೆಹಿಸ್ತೂನ್ ಶಾಸನದ ಎರಡನೆಯ ಭಾಷೆಯನ್ನು, ಅಂದರೆ ನಾವು ಇಂದು ಈಲಮೈಟ್ ಎಂದು ಗುರುತಿಸುವ ಭಾಷೆಯನ್ನು, ದ್ರಾವಿಡದೊಂದಿಗೆ ಹೋಲಿಸಿದ್ದರು. ಎಚ್. ಆರ್. ಹಾಲ್ ಅವರು 1913ರಲ್ಲಿ ಸುಮೇರರಿಗೂ ದಕ್ಷಿಣ ಭಾರತದ ಜನರಿಗೂ ನಂಟು ಕಲ್ಪಿಸಿದರು. ಮುಂಬಯಿಯ ಫಾದರ್ ಹೆರಾಸ್ ಅವರ 1953ರ ಬೃಹದ್ಗ್ರಂಥ ಸಿಂಧೂ, ಸುಮೇರ್ ಹಾಗೂ ಮೆಡಿಟರೇನಿಯನ್ ಜಗತ್ತುಗಳನ್ನು ಒಂದೇ ಹೆಣಿಗೆಯಲ್ಲಿ ಕಾಣಲೆತ್ನಿಸಿತು. ಆದ್ದರಿಂದ ಈ ವಾದಕ್ಕೆ ಸಲ್ಲಬೇಕಾದುದು ಉಪೇಕ್ಷೆಯಲ್ಲ, ಪರೀಕ್ಷೆ.

ಈ ಲೇಖನದಲ್ಲಿ ನಾವು ಮೂರು ಸಾದೃಶ್ಯಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುತ್ತೇವೆ: ‘ಊರು’ ಮತ್ತು ‘ಉರ್’, ‘ಎಳ್ಳು’ ಮತ್ತು ಅಕ್ಕೇಡಿಯನ್ನಿನ ‘ಎಲ್ಲು’, ಸಂಸ್ಕೃತದ ‘ಏಕ’ ಮತ್ತು ಹಿಟ್ಟೈಟರ ಫಲಕದಲ್ಲಿ ದೊರೆತ ‘ಐಕ’. ಮೊದಲನೆಯದು ಬಿದ್ದುಹೋಗುತ್ತದೆ, ಎರಡನೆಯದು ಸಾಧ್ಯತೆಯಾಗಿ ಉಳಿಯುತ್ತದೆ, ಮೂರನೆಯದು ಸಿದ್ಧವಾಗುತ್ತದೆ. ಕಿವಿಗೆ ಮೂರೂ ಒಂದೇ ಬಗೆಯಾಗಿ ಕೇಳುವಾಗ ಫಲಿತಾಂಶಗಳು ಹೀಗೇಕೆ ಬೇರೆಯಾಗುತ್ತವೆ ಎಂಬುದೇ ನಮ್ಮ ವಿಚಾರ. ಎರಡು ಪದಗಳನ್ನು ಹೋಲಿಸುವ ಮುನ್ನ ಪ್ರತಿಯೊಂದನ್ನೂ ಅದರದರ ವ್ಯಾಕರಣದೊಳಗೆ ಬಿಡಿಸಿ ನೋಡಬೇಕು. ಹಾಗೆ ಬಿಡಿಸಿದ ಬಳಿಕ ಉಳಿಯುವ ಅಂಶವನ್ನು ಮಾತ್ರ ಹೋಲಿಸಬೇಕು ಎಂಬುದು ನಮ್ಮ ನಿಲುವು.

2. ‘ಊರು’ ಮತ್ತು ‘ಉರ್’

ಮೊದಲು ನಮ್ಮ ಬದಿಯ ಪದವನ್ನು ನೋಡೋಣ. ‘ಹುಣಸೂರು’ ಎಂಬುದು ‘ಹುಣಸೆ’ ಮತ್ತು ‘ಊರು’ ಸೇರಿ ಆದ ಸಮಾಸ. ಇದರ ಆದಿಯ ಹಕಾರ ಹಿಂದೆ ಪಕಾರವಾಗಿತ್ತು. ‘ಹುಳಿ’, ‘ಪುಳಿ’ ಎಂಬ ಜೋಡಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಈ ಪಲ್ಲಟವನ್ನು ತಿಳಿಯಲು ದೂರ ಹೋಗಬೇಕಿಲ್ಲ. ನೆರೆಯ ಪಿರಿಯಾಪಟ್ಟಣದ ಪೂರ್ವಪದದಲ್ಲಿ ಪಕಾರ ಇಂದಿಗೂ ಉಳಿದಿದೆ. ಅದೇ ಪದ ಹೊಸಗನ್ನಡದಲ್ಲಿ ‘ಹಿರಿಯ’. ಹೆಗ್ಗಡದೇವನಕೋಟೆಯ ‘ಹೆಗ್ಗಡೆ’ಯಾದರೋ ಶಾಸನಗಳ ‘ಪೆರ್ಗಡೆ’. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣಿಸಿಕೊಂಡ ಈ ಬದಲಾವಣೆ ನಡುಗನ್ನಡದ ಹೊತ್ತಿಗೆ ವ್ಯಾಪಕವಾಯಿತು. ಅಂದರೆ ಇಂತಹ ದೇಶ್ಯಪದಗಳ ಆದಿಯ ಹಕಾರಕ್ಕೆ ಹೆಚ್ಚೆಂದರೆ ಸಾವಿರ ವರ್ಷದ ವಯಸ್ಸು. ಅದನ್ನು ನಾಲ್ಕು ಸಾವಿರ ವರ್ಷಗಳ ಹಿಂದಿನ ಜೇಡಿಮಣ್ಣಿನ ಫಲಕದ ಹಕಾರದೊಂದಿಗೆ ನೇರವಾಗಿ ಹೋಲಿಸುವುದು ಕಾಲಪ್ರಜ್ಞೆಯಿಲ್ಲದ ಹೋಲಿಕೆ.

ಕಾಲಪ್ರಜ್ಞೆಯನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದೇ ಹೆಸರು ಸಾಕ್ಷಿ. ‘ಹುಣಸೂರು’ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಓದಿ ‘ಹನ್ಸ್’ ಮತ್ತು ‘ಉರ್’ ಎಂದು ಬಿಡಿಸಿದರೆ ಅದು ಹೂಣರು ಕಟ್ಟಿದ ಸುಮೇರಿಯನ್ ನಗರವಾಗುತ್ತದೆ. ಈ ವ್ಯುತ್ಪತ್ತಿಯನ್ನು ಯಾರೂ ಒಪ್ಪುವುದಿಲ್ಲ. ಆದರೆ ಇದರಲ್ಲಿ ಬಳಸಿದ ವಿಧಾನಕ್ಕೂ ‘ಊರು’ವನ್ನು ‘ಉರ್’ಗೆ ಜೋಡಿಸುವ ವಿಧಾನಕ್ಕೂ ವ್ಯತ್ಯಾಸವೇನು ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ.

ಇನ್ನು ‘ಊರು’ ಪದದ ಅಂತ್ಯದ ಉಕಾರ ಉಚ್ಚಾರಣೆಯ ಅನುಕೂಲಕ್ಕಾಗಿ ಸೇರಿದ್ದು. ತಮಿಳು, ಮಲಯಾಳಗಳ ‘ಊರ್’ ರೂಪವನ್ನು ನೋಡಿದರೆ ಇದು ಸ್ಪಷ್ಟ. ಮೂಲದ್ರಾವಿಡಕ್ಕೆ ಪುನಾರಚಿಸಬಹುದಾದ ರೂಪ ದೀರ್ಘಸ್ವರದ ‘ಊರ್’. ನಮ್ಮ ಬದಿಯಿಂದ ಹೋಲಿಕೆಗೆ ಒಡ್ಡಬಹುದಾದುದು ಇಷ್ಟೇ: ಒಂದು ದೀರ್ಘಸ್ವರ, ಒಂದು ವ್ಯಂಜನ.

ಈಗ ಆ ಬದಿ. ಸುಮೇರಿಯನ್ನಿನಲ್ಲಿ ಆ ನಗರದ ಹೆಸರು ‘ಉರ್’ ಅಲ್ಲ, ‘ಉರಿಮ್’. ಇದು ಊಹೆಯಲ್ಲ, ಸುಮೇರಿಯನ್ ವ್ಯಾಕರಣವೇ ಒದಗಿಸುವ ಸಾಕ್ಷ್ಯ. ಉರ್-ನಮ್ಮು ಮೊದಲಾದ ಅರಸರ ಬಿರುದಿನಲ್ಲಿ ‘ಉರಿಮಿನ ಅರಸ’ ಎಂಬ ಅರ್ಥದ ಪದಪುಂಜ ಬಂದಾಗ ನಗರದ ಹೆಸರಿನ ಚಿಹ್ನೆಗಳ ಬಳಿಕ ‘ಮ’ ಎಂಬ ಅಕ್ಷರಚಿಹ್ನೆ ಕಾಣಿಸುತ್ತದೆ. ಷಷ್ಠೀ ಪ್ರತ್ಯಯವಾದ ‘ಅಕ್’ ಸೇರಿದಾಗ ಪ್ರಕೃತಿಯ ಅಂತ್ಯದ ಮಕಾರ ಹೀಗೆ ಬರಹದಲ್ಲಿ ಹೊರಬೀಳುತ್ತದೆ. ‘ಉರ್’ ಎಂಬ ಮೊಟಕು ರೂಪ ನಮಗೆ ತಲಪಿದ್ದು ಅಕ್ಕೇಡಿಯನ್ ಮತ್ತು ಬೈಬಲ್ಲಿನ ಪರಂಪರೆಗಳ ಮೂಲಕ.

‘ನಗರ’ ಎಂಬ ಸಾಮಾನ್ಯಾರ್ಥದ ಸುಮೇರಿಯನ್ ಪದ ಬೇರೆಯೇ ಇದೆ. ಅದನ್ನು ‘ಉರು’ ಎಂದೂ ‘ಇರಿ’ ಎಂದೂ ಓದಲಾಗುತ್ತದೆ. ಅದರ ಲಿಪಿಚಿಹ್ನೆಯೂ ಬೇರೆ. ಅಂದರೆ ‘ಉರ್ ಎಂದರೆ ಊರು’ ಎನ್ನುವಾಗ ಎರಡು ಬೇರೆ ಬೇರೆ ಪದಗಳನ್ನು ಬೆರೆಸಲಾಗಿದೆ: ರೂಪವನ್ನು ನಗರದ ಅಂಕಿತನಾಮದಿಂದಲೂ ಅರ್ಥವನ್ನು ಇನ್ನೊಂದು ಪದದಿಂದಲೂ ತೆಗೆದುಕೊಳ್ಳಲಾಗಿದೆ. ಸಾದೃಶ್ಯವಾದಿಗಳು ಪಟ್ಟಿ ಮಾಡುವ ‘ನಿಪ್ಪುರ್’ ಎಂಬ ಹೆಸರಿನ ಗತಿಯೂ ಇದೇ. ಅದು ಅಕ್ಕೇಡಿಯನ್ ರೂಪ. ಸುಮೇರಿಯನ್ನಿನಲ್ಲಿ ಆ ನಗರ ‘ನಿಬ್ರು’. ‘ಅಶ್ಶುರ್’ ಎಂಬುದಾದರೋ ಅಸ್ಸೀರಿಯನ್ನರ ದೇವತೆಗೂ ನಗರಕ್ಕೂ ಸಮಾನವಾದ ಹೆಸರು. ಈ ಯಾವುದರಲ್ಲಿಯೂ ‘ಊರು’ ಎಂಬ ಉತ್ತರಪದವಿಲ್ಲ.

ಉತ್ತರಪದ ಇರಲು ಸಾಧ್ಯವೂ ಇಲ್ಲ, ಏಕೆಂದರೆ ಸುಮೇರಿಯನ್ನಿನ ಪದಕ್ರಮ ಅದಕ್ಕೆ ಎಡೆಗೊಡುವುದಿಲ್ಲ. ದ್ರಾವಿಡದಲ್ಲಿ ವಿಶೇಷಣ ಮೊದಲು, ವಿಶೇಷ್ಯ ಬಳಿಕ: ಹುಣಸೆ-ಊರು, ಅರ-ಮನೆ. ಸುಮೇರಿಯನ್ನಿನಲ್ಲಿ ಇದು ತಿರುವುಮುರುವು. ‘ಲುಗಲ್’ ಎಂದರೆ ಅರಸ. ಘಟಕಗಳ ಕ್ರಮ ‘ಮನುಷ್ಯ-ದೊಡ್ಡ’. ‘ಎಗಲ್’ ಎಂದರೆ ಅರಮನೆ. ಘಟಕಗಳ ಕ್ರಮ ‘ಮನೆ-ದೊಡ್ಡ’. ಇದೇ ಪದ ಅಕ್ಕೇಡಿಯನ್ನಿಗೆ ‘ಎಕಲ್ಲು’ ಎಂದು ಎರವಲಾಗಿ ಹೋಯಿತು. ಸುಮೇರರು ಹುಣಸೆಯ ಊರಿಗೆ ಹೆಸರಿಟ್ಟಿದ್ದರೆ ಊರನ್ನು ಮೊದಲಿಟ್ಟು ಹುಣಸೆಯನ್ನು ಕೊನೆಗಿಡುತ್ತಿದ್ದರು.

ಆಕಸ್ಮಿಕ ಸಾದೃಶ್ಯದ ಪ್ರಮಾಣವನ್ನೂ ಇಲ್ಲಿ ಗಮನಿಸಬೇಕು. ಸುಮೇರಿಯನ್ನಿನಲ್ಲಿ ‘ಉರ್’ ಎಂಬ ಓದುವಿಕೆಯುಳ್ಳ ಪದಗಳು ಹಲವು: ನಾಯಿ, ಚಾವಣಿ, ತೊಡೆ ಅಥವಾ ಮಡಿಲು ಇತ್ಯಾದಿ. ಇವುಗಳ ಪೈಕಿ ಕೊನೆಯದು ಸ್ವಾರಸ್ಯಕರ. ‘ತೊಡೆ’ ಎಂಬರ್ಥದ ‘ಊರು’ ಕನ್ನಡ ಓದುಗರಿಗೆ ಪರಿಚಿತ. ಭಾಸನ ‘ಊರುಭಂಗ’ ನೆನಪಾದರೆ ಸಾಕು. ರೂಪದಲ್ಲಿಯೂ ಅರ್ಥದಲ್ಲಿಯೂ ಇದು ನಗರದ ಜೋಡಿಗಿಂತ ಬಿಗಿಯಾದ ಹೊಂದಿಕೆ. ಆದರೆ ಈ ‘ಊರು’ ಸಂಸ್ಕೃತದ ಪದ. ಸಾದೃಶ್ಯವೇ ಪ್ರಮಾಣವಾಗುವುದಾದರೆ ಸುಮೇರಿಯನ್ನಿನ ನಂಟು ದ್ರಾವಿಡಕ್ಕಿಂತ ಮೊದಲು ಸಂಸ್ಕೃತಕ್ಕೆ ಸಲ್ಲಬೇಕು! ಒಂದು ಸ್ವರ, ಒಂದು ವ್ಯಂಜನದ ಪದಗಳು ಎಷ್ಟು ಸುಲಭವಾಗಿ ಯಾವ ಭಾಷೆಗೂ ಹೊಂದುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

3. ‘ಎರಡೂ ಅಂಟು ಭಾಷೆಗಳು’ ಎಂಬ ಸಮಾಧಾನ

ಒಂದು ಪದ ಬಿದ್ದರೇನು, ಭಾಷಾರಚನೆಯೇ ಒಂದಲ್ಲವೆ ಎಂಬ ಪ್ರತಿವಾದವುಂಟು. ಸುಮೇರಿಯನ್ನೂ ದ್ರಾವಿಡವೂ ಪ್ರತ್ಯಯಗಳನ್ನು ಒಂದರ ಬೆನ್ನಿಗೊಂದು ಅಂಟಿಸುವ ಭಾಷೆಗಳು ಎಂಬುದು ನಿಜ. ಟರ್ಕಿಶ್, ಜಪಾನೀಸ್, ಸ್ವಾಹಿಲಿಗಳೂ ಅಂಟು ಭಾಷೆಗಳೇ. ಇದು ಭಾಷೆಗಳ ಮಾದರಿಯನ್ನು ಹೇಳುವ ಲಕ್ಷಣವೇ ಹೊರತು ವಂಶವನ್ನು ಹೇಳುವ ಲಕ್ಷಣವಲ್ಲ. ಒಳಹೊಕ್ಕು ನೋಡಿದರೆ ಮಾದರಿಯಲ್ಲಿಯೂ ಇವು ದೂರವೇ. ಸುಮೇರಿಯನ್ ಕ್ರಿಯಾಪದದ ಮುಂದೆ ಪೂರ್ವಪ್ರತ್ಯಯಗಳ ಉದ್ದನೆಯ ಸರಪಳಿಯಿರುತ್ತದೆ. ದ್ರಾವಿಡ ಕ್ರಿಯಾಪದ ಮೂಲತಃ ಪರಪ್ರತ್ಯಯಗಳಿಂದಲೇ ನಡೆಯುತ್ತದೆ. ಸುಮೇರಿಯನ್ ನಾಮಪದಗಳ ವಿಭಕ್ತಿ ವ್ಯವಸ್ಥೆ ಎರ್ಗೇಟಿವ್ ಬಗೆಯದು; ಸಕರ್ಮಕ ಕ್ರಿಯೆಯ ಕರ್ತೃವಿಗೆ ಪ್ರತ್ಯೇಕ ಪ್ರತ್ಯಯವಿದ್ದು, ಅಕರ್ಮಕದ ಕರ್ತೃವೂ ಸಕರ್ಮಕದ ಕರ್ಮವೂ ಒಂದೇ ರೂಪದಲ್ಲಿರುತ್ತವೆ. ಕನ್ನಡದ ಪ್ರಥಮಾ-ದ್ವಿತೀಯಾ ವ್ಯವಸ್ಥೆ ಹೀಗಿಲ್ಲ.

ಸಂಖ್ಯಾವಾಚಕಗಳು ಇನ್ನೊಂದು ಪರೀಕ್ಷೆ. ಒಂದರಿಂದ ಐದರವರೆಗೆ ಸುಮೇರಿಯನ್ ಎಣಿಕೆ ‘ದಿಶ್, ಮಿನ್, ಎಶ್, ಲಿಮ್ಮು, ಇಯಾ’. ಕೊನೆಯದರಲ್ಲಿ ಕನ್ನಡದ ‘ಐ’ ಕಂಡಂತಾಗುತ್ತದೆ. ಆದರೆ ಮೂಲದ್ರಾವಿಡದಲ್ಲಿ ಐದರ ಪ್ರಕೃತಿ ಚಕಾರಾದಿಯಾದ ‘ಚಯ್’. ನಮ್ಮಲ್ಲಿ ಚಕಾರ ಲೋಪವಾಗಿ ‘ಐ’ ಉಳಿದಿದೆ. ಇಲ್ಲಿಯೂ ಒಂದು ಭಾಷೆಯ ಈಚಿನ ರೂಪ ಇನ್ನೊಂದರ ಪ್ರಾಚೀನ ರೂಪದೊಂದಿಗೆ ಆಕಸ್ಮಿಕವಾಗಿ ಕೂಡಿತು, ಅಷ್ಟೆ.

ಈಲಮೈಟ್ ಮತ್ತು ದ್ರಾವಿಡದ ನಂಟನ್ನು ಪ್ರತಿಪಾದಿಸಿದ ಡೇವಿಡ್ ಮ್ಯಾಕಾಲ್ಪಿನ್ ಅವರ 1981ರ ಕೃತಿಯನ್ನು ಇದೇ ತಕ್ಕಡಿಯಲ್ಲಿ ತೂಗಬಾರದು. ಅವರು ಧ್ವನಿ ಸಂವಾದಗಳನ್ನು ಕೊಟ್ಟರು, ಪ್ರತ್ಯಯಗಳ ವ್ಯವಸ್ಥೆಯನ್ನು ಹೋಲಿಸಿದರು. ಹಾಗಾಗಿ ಅವರ ವಾದವನ್ನು ಬಿಂದುಬಿಂದುವಾಗಿ ಪ್ರಶ್ನಿಸುವುದು ಸಾಧ್ಯವಾಯಿತು. ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ ಗ್ರಂಥದಲ್ಲಿ ಅದನ್ನು ಒಪ್ಪಲಿಲ್ಲ. ಆದರೂ ತಪ್ಪೆಂದು ತೋರಿಸಲು ಬರುವಂತೆ ಕಟ್ಟಿದ ವಾದ ಶಾಸ್ತ್ರದ ಒಳಗಿನ ವಾದ. ‘ಊರು’-‘ಉರ್’ ವಾದಕ್ಕೆ ಆ ಗೌರವವೂ ಇಲ್ಲ.

4. ‘ಎಳ್ಳು’ ಮತ್ತು ‘ಎಲ್ಲು’

ಎರಡನೆಯ ಸಾದೃಶ್ಯ ಹೆಚ್ಚು ಗಂಭೀರವಾದುದು. ಅಕ್ಕೇಡಿಯನ್ನಿನಲ್ಲಿ, ಅಂದರೆ ಬ್ಯಾಬಿಲೋನಿಯನ್ನರೂ ಅಸ್ಸೀರಿಯನ್ನರೂ ಆಡುತ್ತಿದ್ದ ಸೆಮಿಟಿಕ್ ಭಾಷೆಯಲ್ಲಿ, ‘ಎಲ್ಲು’ ಎಂಬುದು ಒಂದು ಬಗೆಯ ಎಳ್ಳೆಣ್ಣೆಯ ಹೆಸರು. ಕನ್ನಡದ ‘ಎಳ್ಳು’ವಿನೊಂದಿಗೆ ಅದು ಅಚ್ಚೊತ್ತಿದಂತೆ ಹೊಂದುತ್ತದೆ.

ಇಲ್ಲಿಯೂ ಮೊದಲು ಬಿಡಿಸಬೇಕು. ‘ಎಳ್ಳು’ವಿನ ಕೊನೆಯ ಉಕಾರ ಉಚ್ಚಾರಣೆಗಾಗಿ ಬಂದುದು, ಅದರ ಮುಂದಿನ ದ್ವಿತ್ವವೂ ಹ್ರಸ್ವಸ್ವರದ ಏಕಾಕ್ಷರ ಪ್ರಕೃತಿಗೆ ಆ ಉಕಾರ ಸೇರುವಾಗ ಆದುದು. ಪ್ರಕೃತಿ ‘ಎಳ್’. ‘ಎಣ್ಣೆ’ ಎಂಬ ಪದದಲ್ಲಿ ‘ಎಳ್’ ಮತ್ತು ‘ನೆಯ್’ ಕೂಡಿರುವುದರಿಂದ ಇದು ಖಚಿತ. ಅಕ್ಕೇಡಿಯನ್ನಿನ ‘ಎಲ್ಲು’ವಿನ ಉಕಾರವಾದರೋ ಪ್ರಥಮಾ ವಿಭಕ್ತಿಯ ಪ್ರತ್ಯಯ. ಹೀಗೆ ಕಿವಿಗೆ ಬಲು ಗಟ್ಟಿಯಾಗಿ ಕೇಳುವ ಅಂಶ, ಅಂದರೆ ‘-ಳ್ಳು’, ‘-ಲ್ಲು’ ಎಂಬ ಪ್ರಾಸ, ಎರಡೂ ಬದಿಗಳಲ್ಲಿ ಬೇರೆ ಬೇರೆ ಕಾರಣದಿಂದ ಹುಟ್ಟಿದ್ದು. ಉಳಿಯುವ ಹೋಲಿಕೆ ‘ಎಳ್’ ಮತ್ತು ‘ಎಲ್ಲ್-’ ಎಂಬುದರದು ಮಾತ್ರ. ಅದರಲ್ಲಿಯೂ ಎರಡು ತೊಡಕುಗಳಿವೆ. ಮೊದಲನೆಯದು, ಅಕ್ಕೇಡಿಯನ್ನಿನಲ್ಲಿಯೇ ‘ಶುದ್ಧ’ ಎಂಬರ್ಥದ ‘ಎಲ್ಲು’ ಎಂಬ ವಿಶೇಷಣವಿದೆ. ಉತ್ತಮ ಎಣ್ಣೆಯ ಹೆಸರು ಅದರಿಂದಲೇ ಬಂದಿರಬಹುದು. ಎರಡನೆಯದು, ಕ್ಯೂನಿಫಾರ್ಮ್ ಲಿಪಿಯಲ್ಲಿ ಲಕಾರ ಒಂದೇ. ದ್ರಾವಿಡದ ಲಕಾರ-ಳಕಾರಗಳ ಭೇದವನ್ನು ಅದು ತೋರಿಸಲಾರದು.

ಹೀಗಿದ್ದೂ ಈ ಸಾದೃಶ್ಯವನ್ನು ನಾವು ತಳ್ಳಿಹಾಕುವುದಿಲ್ಲ. ಪದದ ಜೊತೆಗೆ ಇಲ್ಲಿ ಪದಾರ್ಥವೂ ಪಯಣಿಸಿದೆ. ಎಳ್ಳು ಭಾರತ ಉಪಖಂಡದಲ್ಲಿ ಕೃಷಿಗೊಳಗಾದ ಬೆಳೆ. ಹರಪ್ಪದಲ್ಲಿ ಸುಟ್ಟು ಕರಿಕಾದ ಎಳ್ಳು ದೊರೆತಿದೆ. ಮೆಲುಹ ಎಂಬ ನಾಡಿನ ಹಡಗುಗಳು ತನ್ನ ರಾಜಧಾನಿಯ ಧಕ್ಕೆಗೆ ಬರುತ್ತಿದ್ದವೆಂದು ಅಕ್ಕೇಡಿನ ಸರ್ಗೋನ್ ಕ್ರಿ.ಪೂ. 24-23ನೆಯ ಶತಮಾನಗಳ ಸಂಧಿಕಾಲದಲ್ಲಿ ಹೇಳಿಕೊಂಡಿದ್ದಾನೆ. ಮೆಲುಹವನ್ನು ಬಹುಪಾಲು ವಿದ್ವಾಂಸರು ಸಿಂಧೂ ಪ್ರದೇಶವೆಂದೇ ಗುರುತಿಸುತ್ತಾರೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಅಕ್ಕೇಡಿಯನ್ ಕಾಲದ ಮುದ್ರೆಯೊಂದರ ಒಡೆಯ ಶು-ಇಲಿಶು ತನ್ನನ್ನು ಮೆಲುಹ ಭಾಷೆಯ ದುಭಾಷಿ ಎಂದು ಕರೆದುಕೊಂಡಿದ್ದಾನೆ. ಮಾತು ತಿಳಿಯದೆ ದುಭಾಷಿ ಬೇಕಾಗಿತ್ತೆಂದರೆ ಎರಡೂ ಭಾಷೆಗಳು ಪರಸ್ಪರ ಅನ್ಯವಾಗಿದ್ದವು. ದುಭಾಷಿ ಇದ್ದನೆಂದರೆ ಸಂಪರ್ಕವಿತ್ತು, ಎರವಲಿಗೆ ದಾರಿಯಿತ್ತು. ಆದ್ದರಿಂದ ‘ಎಳ್’ ಎಂಬುದು ಸರಕಿನೊಂದಿಗೆ ಹೋದ ಎರವಲು ಪದವಾಗಿರಬಹುದು ಎಂಬ ಊಹೆ ವಿಹಿತವೇ. ಆದರೆ ಅದು ಸಿದ್ಧವಾದರೂ ಸಾಬೀತಾಗುವುದು ವ್ಯಾಪಾರವೇ ಹೊರತು ರಕ್ತಸಂಬಂಧವಲ್ಲ. ನಮ್ಮ ‘ಮೇಜು’ ಪೋರ್ಚುಗೀಸಿನಿಂದ ಬಂದಿತೆಂದು ಕನ್ನಡ ಪೋರ್ಚುಗೀಸಿನ ದಾಯಾದಿಯಾಗುವುದಿಲ್ಲ.

5. ‘ಏಕ’ ಮತ್ತು ‘ಐಕ’

ಮೂರನೆಯದು ಹಿಟ್ಟೈಟರ ರಾಜಧಾನಿ ಹತ್ತುಸದಲ್ಲಿ, ಇಂದಿನ ಟರ್ಕಿಯ ಬೊಗಾಜ್‌ಕೊಯ್‌ಯಲ್ಲಿ, ದೊರೆತ ಸಾಕ್ಷ್ಯ. ಮಿತನ್ನಿ ನಾಡಿನ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಹೆಸರಿನಲ್ಲಿರುವ ಹಿಟ್ಟೈಟ್ ಭಾಷೆಯ ಕೈಪಿಡಿಯಲ್ಲಿ ಕುದುರೆಗಳನ್ನು ಓಡಿಸಬೇಕಾದ ಸುತ್ತುಗಳನ್ನು ಹೇಳುವಾಗ ‘ಐಕ, ತೆರ, ಪಂಜ, ಸತ್ತ, ನ’ ಎಂಬ ಪದಗಳು ‘ವರ್ತನ್ನ’ ಎಂಬ ಪದದೊಂದಿಗೆ ಬರುತ್ತವೆ. ಏಕ, ತ್ರಿ, ಪಂಚ, ಸಪ್ತ, ನವ ಮತ್ತು ವರ್ತನ ಎಂಬುವನ್ನು ಇಲ್ಲಿ ಯಾರೂ ಗುರುತಿಸಬಲ್ಲರು. ಆದರೆ ಸುಲಭವಾಗಿ ಗುರುತಿಸಬಹುದೆಂಬ ಕಾರಣಕ್ಕೆ ಈ ಸಾಕ್ಷ್ಯವನ್ನು ಒಪ್ಪಿದ್ದಲ್ಲ. ಒಪ್ಪಿಗೆಗೆ ಮೂರು ಆಧಾರಗಳಿವೆ. ಒಂದು, ಇಲ್ಲಿರುವುದು ಬಿಡಿ ಪದವಲ್ಲ, ಸಂಖ್ಯೆಗಳ ಗುಂಪು. ಎರಡು, ಅರ್ಥವನ್ನು ನಿರ್ಧರಿಸಿದವರು ನಾವಲ್ಲ. ಸುತ್ತುಗಳ ಎಣಿಕೆಯ ಸಂದರ್ಭವೇ ಅದನ್ನು ನಿರ್ಧರಿಸಿದೆ. ಮೂರು, ‘ಐಕ’ ಎಂಬ ರೂಪ ಸಂಸ್ಕೃತದ ‘ಏಕ’ಕ್ಕಿಂತ ಹಿಂದಿನ ಹಂತದ್ದು. ಸಂಸ್ಕೃತದ ಏಕಾರ ‘ಅಇ’ ಎಂಬುದರಿಂದ ಬಂದಿತೆಂದು ತೌಲನಿಕ ವ್ಯಾಕರಣ ಹೇಳುವುದನ್ನು ಈ ಫಲಕ ಸಮರ್ಥಿಸುತ್ತದೆ. ಮೇಲಾಗಿ ಇರಾನಿ ಶಾಖೆಯಲ್ಲಿ ಒಂದಕ್ಕೆ ‘ಐವ’ ಎಂಬ ರೂಪವಿರುವುದರಿಂದ ಕಕಾರವುಳ್ಳ ‘ಐಕ’ ಇಂಡೋ-ಆರ್ಯ ಶಾಖೆಯತ್ತಲೇ ಬೊಟ್ಟುಮಾಡುತ್ತದೆ. ಪ್ರತಿಸ್ಪರ್ಧಿ ಊಹೆಗಳ ನಡುವೆ ಒಂದನ್ನು ಆರಿಸಿಕೊಡುವ ಸಾಮರ್ಥ್ಯವೇ ಪ್ರಮಾಣದ ಲಕ್ಷಣ.

ಹಿಟ್ಟೈಟ್ ಭಾಷೆಯ ಚರಿತ್ರೆಯೂ ಇದೇ ಪಾಠವನ್ನು ಕಲಿಸುತ್ತದೆ. 1879ರಲ್ಲಿ ಸೊಸೂರ್ ಅವರು ಇಂಡೋ-ಯುರೋಪಿಯನ್ ಸ್ವರವ್ಯವಸ್ಥೆಯ ಅಕ್ರಮಗಳನ್ನು ವಿವರಿಸಲು ಯಾವ ಭಾಷೆಯಲ್ಲಿಯೂ ಆಗ ಕಾಣಿಸದ ಕೆಲವು ಧ್ವನ್ಯಂಶಗಳನ್ನು ಊಹಿಸಿದರು. 1915ರಲ್ಲಿ ಹ್ರೊಜ್ನಿ ಅವರು ಹಿಟ್ಟೈಟ್ ಇಂಡೋ-ಯುರೋಪಿಯನ್ ಭಾಷೆಯೆಂದು ತೋರಿಸಿದರು. 1927ರಲ್ಲಿ ಕುರಿಲೊವಿಚ್ ಅವರು ಸೊಸೂರ್ ಊಹಿಸಿದ್ದ ಸ್ಥಾನಗಳಲ್ಲಿ ಹಿಟ್ಟೈಟ್ ಬರಹದ ಹಕಾರ ನಿಂತಿರುವುದನ್ನು ಗುರುತಿಸಿದರು. ಸಂಸ್ಕೃತದ ‘ಅಸ್ಥಿ’ಗೆ ಹಿಟ್ಟೈಟಿನಲ್ಲಿ ‘ಹಸ್ತಾಯ್’ ಇದೆ. ಮೊದಲು ಸಿದ್ಧಾಂತ, ಬಳಿಕ ಫಲಕ. ಸಾದೃಶ್ಯವಾದಕ್ಕೆ ಇಂತಹ ಭವಿಷ್ಯವಾಣಿ ಶಕ್ಯವಿಲ್ಲ. ಅದು ಕಂಡದ್ದನ್ನು ಜೋಡಿಸುತ್ತದೆ, ಕಾಣದ್ದನ್ನು ಹೇಳಲಾರದು.

6. ಕೆಲಸ ಎಲ್ಲಿದೆ

ಇಷ್ಟನ್ನು ಹೇಳಿದ ಮೇಲೆ ಇದರಿಂದ ನಮಗೇನು ಎಂಬ ಪ್ರಶ್ನೆ ಉಳಿಯುತ್ತದೆ. ದ್ರಾವಿಡದ ಪೂರ್ವೇತಿಹಾಸ ತಿಳಿಯಬೇಕೆಂಬ ಹಂಬಲ ಸಾಧುವಾದುದೇ. ಆದರೆ ಅದನ್ನು ತಿದ್ದಬಲ್ಲ ಹೊಸ ಸಾಕ್ಷ್ಯ ಯೂಫ್ರೆಟಿಸ್ ದಡದಲ್ಲಿಯೇ ಇರಬೇಕೆಂದಿಲ್ಲ, ಕಪಿಲೆಯ ದಡದಲ್ಲಿಯೂ ಇರಬಹುದು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವರ ನುಡಿಗಳು ಇಂದಿಗೂ ಜೀವಂತ. ನೀಲಗಿರಿ ಭಾಗದ ಜೇನುಕುರುಂಬ ನುಡಿಯ ಕುರಿತು ಜ್ವೆಲೆಬಿಲ್ ಅವರು 1988ರಲ್ಲಿ ಕಿರುವರದಿ ಪ್ರಕಟಿಸಿದರು. ಬೆಟ್ಟಕುರುಂಬಕ್ಕೆ ಗೇಲ್ ಕೊಯೆಲೊ ಅವರು 2003ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ವ್ಯಾಕರಣವಿದೆ. ಈ ನುಡಿಗಳನ್ನು ‘ಕನ್ನಡದ ಉಪಭಾಷೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ರೂಢಿಯನ್ನು ಅಂತಹ ಕೆಲಸವೇ ಪ್ರಶ್ನಿಸಿದೆ. ದಕ್ಷಿಣ ದ್ರಾವಿಡದ ವಂಶವೃಕ್ಷದಲ್ಲಿ ಇವುಗಳ ಸ್ಥಾನ ನಿರ್ಣಯವಾಗಬೇಕಾದುದು ಧ್ವನಿ ಸಂವಾದ ಮತ್ತು ಸಹನಾವೀನ್ಯಗಳಿಂದ. ಅದಕ್ಕೆ ಮೊದಲು ಬೇಕಾದುದು ಈ ಹಾಡಿಗಳಿಂದಲೇ ಸಂಗ್ರಹಿಸಿದ ದತ್ತಾಂಶ. ಕಾಡಿನಿಂದ ಹೊರಬಂದ ಕುಟುಂಬಗಳಲ್ಲಿ ಮಕ್ಕಳ ಮಾತು ಶಾಲೆಯ ಕನ್ನಡದತ್ತ ಸರಿಯುತ್ತಿರುವಾಗ ಈ ಕೆಲಸಕ್ಕೆ ಕಾಲಮಿತಿಯೂ ಇದೆ.

ಈ ವಿಚಾರದಲ್ಲಿ ಮೆಸೊಪೊಟೇಮಿಯದಿಂದ ಕಲಿಯಬೇಕಾದುದು ನಿಜಕ್ಕೂ ಇದೆ. ಕ್ರಿ.ಪೂ. ಎರಡನೆಯ ಸಹಸ್ರಮಾನದ ಆರಂಭದ ಹೊತ್ತಿಗೆ ಸುಮೇರಿಯನ್ ಆಡುಮಾತಾಗಿ ಕಣ್ಮರೆಯಾಗುತ್ತಿತ್ತು ಅಥವಾ ಆಗಿಹೋಗಿತ್ತು. ಆದರೂ ನಾವು ಅದರ ವ್ಯಾಕರಣವನ್ನು ಇಂದು ಬಲ್ಲೆವು. ಬ್ಯಾಬಿಲೋನಿಯದ ಲಿಪಿಕಾರರು ಸುಮೇರಿಯನ್ ಪದಗಳನ್ನು ಒಂದು ಸಾಲಿನಲ್ಲಿಯೂ ಅವುಗಳ ಅಕ್ಕೇಡಿಯನ್ ಅರ್ಥವನ್ನು ಎದುರು ಸಾಲಿನಲ್ಲಿಯೂ ಬರೆದಿಟ್ಟರು. ಕ್ರಿಯಾರೂಪಗಳನ್ನೂ ಹಾಗೆಯೇ ಜೋಡಿಸಿದರು. ‘ಉರ್ರ = ಹುಬುಲ್ಲು’ ಎಂದು ಹೆಸರಾದ ಅವರ ದ್ವಿಭಾಷಾ ಪದಕೋಶ ಮರ, ಪಾತ್ರೆ, ಪ್ರಾಣಿ, ಕಲ್ಲು, ಆಹಾರಗಳವರೆಗೆ 24 ಫಲಕಗಳಲ್ಲಿ ಹರಡಿದೆ. ಅದರ ಮೊದಲ ಪದದ ಅರ್ಥ ‘ಸಾಲ’. ಆ ‘ಉರ್’ಗೂ ನಮ್ಮ ಊರಿಗೂ ಸಂಬಂಧವಿಲ್ಲ. ಆದರೆ ಆ ಪಟ್ಟಿಗೂ ನಮ್ಮ ಕರ್ತವ್ಯಕ್ಕೂ ಸಂಬಂಧವಿದೆ. ಜೇನುಕುರುಬ ನುಡಿಯ ಮರ, ಜೇನು, ಗೆಡ್ಡೆ, ನಂಟುಗಳ ಪದಗಳು ಒಂದು ಸಾಲಿನಲ್ಲಿ, ಕನ್ನಡ ಎದುರು ಸಾಲಿನಲ್ಲಿ, ಕ್ರಿಯಾರೂಪಗಳ ಪೂರ್ಣ ಕೋಷ್ಟಕದೊಂದಿಗೆ ಸಿದ್ಧವಾದರೆ ಅದು ಒಬ್ಬ ಸಂಶೋಧನ ವಿದ್ಯಾರ್ಥಿಯ ಮೂರು ವರ್ಷಗಳಿಗೆ ಸಾರ್ಥಕವಾದ ಫಲ. ‘ಊರು’ ಮತ್ತು ‘ಉರ್’ ಕುರಿತು ಇನ್ನೊಂದು ಮಹಾಪ್ರಬಂಧ ಅಂತಹ ಫಲವನ್ನು ಕೊಡಲಾರದು.